ಅಪ್ಪ ಮೂಸಿ ನೋಡಿದ ಗ್ರೆನಾಶ್

2024ರ ಮೇ ತಿಂಗಳ ಒಂದು ಶುಕ್ರವಾರ. ಬೆಳಗಿನ ಆರೂವರೆಗೆ ಅಪ್ಪ ಹೇಳದೆ ಕೇಳದೆ ಭೋಸರಿಯ ನಮ್ಮ ಮನೆಗೆ ಬಂದ. ವಿಜಯಪುರದಿಂದ ರಾತ್ರಿ ಬಸ್ಸು ಹಿಡಿದು ಸ್ವಾರಗೇಟ್‌ನಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು. ಹೆಗಲಲ್ಲಿ ಐದು ಕೆಜಿ ಒಣದ್ರಾಕ್ಷಿಯ ಚೀಲ, ಕೈಯಲ್ಲಿ ಅವ್ವ ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಬಾಗಿಲು ತೆಗೆದವನೇ ನಾನು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಗೆ ಓಡಿ, ಎಣ್ಣೆ ಡಬ್ಬಿಯ ಪಕ್ಕ ನಿಂತಿದ್ದ ಒಂದು ಬಾಟಲಿಯನ್ನು ಗ್ಯಾಸ್ ಸಿಲಿಂಡರಿನ ಹಿಂದೆ ಸರಿಸಿದ್ದು.

ಹೆಂಡತಿ, ಮಗಳು ಬೇಸಿಗೆ ರಜೆಗೆ ಬಾಗಲಕೋಟೆಗೆ ಹೋಗಿದ್ದರು. ಮರುದಿನ ಸಂಜೆ ನನ್ನ ಮರಾಠಿ ಸಹೋದ್ಯೋಗಿ ಮನೆಗೆ ಬರುವವನಿದ್ದ. ಅವನ ಅಕ್ಕ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುತ್ತಾಳೆ. ರಜೆಗೆ ಬರುವಾಗ ವಿಮಾನ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಬಿಡುವ ಎರಡು ಲೀಟರಿನೊಳಗೆ ತಮ್ಮನಿಗೆಂದು ಒಳ್ಳೆಯ ವೈನ್ ತಂದಿದ್ದಳು. ಅವನ ಮನೆಯಲ್ಲಿ ಫ್ರಿಜ್ ಕೆಟ್ಟಿದ್ದರಿಂದ ಬಾಟಲಿ ನಮ್ಮಲ್ಲಿಗೆ ಬಂದಿತ್ತು. ಗ್ರೆನಾಶ್ ಎಂಬ ದ್ರಾಕ್ಷಿಯ ಕೆಂಪು ವೈನ್. ಅಲ್ಲಿನ ಬೆಲೆ ಅರವತ್ತು ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಮುನ್ನೂರು ರೂಪಾಯಿಯ ಸುಮಾರು.

ಬಾಟಲಿ ಮುಚ್ಚಿಟ್ಟಿದ್ದಕ್ಕೆ ಕಾರಣವಿದೆ. ನಮ್ಮ ಕಾಕಾ ಸಾರಾಯಿ ಕುಡಿದು ಕುಡಿದೇ ಹೋದ. ಅವನ ಪಾಲಿನ ಮೂರು ಎಕರೆಯೂ ಅದರಲ್ಲೇ ಹೋಯಿತು. ಆ ದಿನದಿಂದ ಅಪ್ಪ ಮದುವೆಗಳಲ್ಲಿ ಸಹ ಕುಡಿದವರ ಪಂಕ್ತಿಯಲ್ಲಿ ಕೂತು ಉಂಡವನಲ್ಲ. ನಾನು ಮೂವತ್ತು ದಾಟಿದ ಮೇಲೆ, ಕಂಪನಿಯವರ ಜೊತೆ ನಾಸಿಕಕ್ಕೆ ಹೋದಾಗ ಮೊದಲ ಸಲ ವೈನ್ ಕುಡಿದದ್ದು. ಆ ಸುದ್ದಿ ಊರಿಗೆ ಮುಟ್ಟಿರಲಿಲ್ಲ.

ಸಿಲಿಂಡರಿನ ಹಿಂದಿನ ಗುಟ್ಟು ಒಂದು ತಾಸೂ ಉಳಿಯಲಿಲ್ಲ. ಚಹಾಕ್ಕೆ ಗ್ಯಾಸ್ ಹಚ್ಚಲು ಹೋದ ಅಪ್ಪನ ಕಾಲಿಗೆ ಬಾಟಲಿ ತಾಗಿತು. ಎತ್ತಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿದ.

“ಇದೇನ್ ತಮ್ಮಾ?”

“ದ್ರಾಕ್ಷಿದು ಅಪ್ಪಾ.”

“ದ್ರಾಕ್ಷಿದು ಅನ್ನೂದು ನನಗ ತಿಳೀತದ. ಯಾವ ದ್ರಾಕ್ಷಿ?”

ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ ಈ ಪ್ರಶ್ನೆಗೆ ಉತ್ತರ ತಡವಾಗಿ ಹೊಳೆಯಿತು.

ಓದುಗರಿಗೆ ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ತಿಕೋಟಾದ ಕಡೆ ನಮ್ಮದು ದ್ರಾಕ್ಷಿ ಪಡ. ಈಗ ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ತಳಿಗಳು. ಹೆಚ್ಚಿನದೆಲ್ಲ ಒಣದ್ರಾಕ್ಷಿಯಾಗಿ ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ. ಆದರೆ 2007ರಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಆ ವರ್ಷ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಮಹಾರಾಷ್ಟ್ರ 2001ರಲ್ಲೇ ಇಂಥ ನೀತಿ ಮಾಡಿ ನಾಸಿಕದಲ್ಲಿ ವೈನರಿಗಳ ಸಾಲು ಕಟ್ಟಿಸಿತ್ತು. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬದವರು 1988ರಿಂದ ಫ್ರೆಂಚ್ ತಳಿ ಬೆಳೆಯುತ್ತಿದ್ದರು. ಕೃಷ್ಣಾ ಕಣಿವೆಯಲ್ಲಿ ಯಾಕಾಗಬಾರದು ಎಂಬುದು ಸರಿಯಾದ ಪ್ರಶ್ನೆಯೇ ಆಗಿತ್ತು.

ಒಂದು ಕಂಪನಿಯವರು ನಮ್ಮೂರಿಗೂ ಬಂದರು. ಹೆಸರು ಬೇಡ. ಅಪ್ಪ ಒಂದು ಎಕರೆಗೆ ಕ್ಯಾಬರ್ನೆ ಹಾಕಿದ. ಕಂಪನಿಯ ಹುಡುಗ ಬಂದು ರಿಫ್ರ್ಯಾಕ್ಟೋಮೀಟರ್ ಹಿಡಿಯುವುದು, ಬೀಜ ಅಗಿದು ನೋಡುವುದು, ತೊಟ್ಟಿನ ಬಣ್ಣ ನೋಡುವುದು ಎಲ್ಲ ಕಲಿಸಿದ. 2009ರ ಫಸಲು ಒಯ್ದರು, ಅರ್ಧ ಹಣ ಕೊಟ್ಟರು. 2010ರಲ್ಲಿ ಯಾರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ವೈನ್ ದ್ರಾಕ್ಷಿ ತಿನ್ನುವ ಹಣ್ಣಲ್ಲ. ಕಾಳು ಸಣ್ಣ, ಸಿಪ್ಪೆ ದಪ್ಪ, ಬಾಯಿ ತುಂಬ ಬೀಜ. ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಕೊನೆಗೆ ಕುರಿಯವರನ್ನು ಕರೆದು ಪಡದೊಳಗೆ ಬಿಟ್ಟೆವು. ಆಗ ನಾನು ಬಿಇ ಮೂರನೆಯ ವರ್ಷ. ಸೆಮಿಸ್ಟರ್ ಫೀಸಿಗೆ ಅವ್ವನ ಪಾಟಲಿ ಅಡ ಇಟ್ಟದ್ದು ಆ ವರ್ಷವೇ. 2011ರಲ್ಲಿ ಬಳ್ಳಿಗಳ ಮೇಲ್ಭಾಗ ಕತ್ತರಿಸಿ, ಅದೇ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟಿಸಿದ. ಪೂರ್ತಿ ಕಿತ್ತು ಹೊಸ ಸಸಿ ಹಾಕಲು ದುಡ್ಡಿರಲಿಲ್ಲ.

ಅಂದರೆ ನಮ್ಮಪ್ಪ ವೈನ್ ದ್ರಾಕ್ಷಿ ಬೆಳೆದವನು. ವೈನ್ ಹೇಗಿರುತ್ತದೆ ಎಂದು ಮಾತ್ರ ನೋಡಿದವನಲ್ಲ.

ಈ ಸಲ ಅವನು ಪುಣೆಗೆ ಬಂದದ್ದೂ ಆ ಎಕರೆಯ ಸಲುವಾಗಿಯೇ. ಮೇಲಿನ ಥಾಮ್ಸನ್‌ಗೆ ಹದಿಮೂರು ವರ್ಷ, ಕೆಳಗಿನ ಬೇರಿಗೆ ಹದಿನೇಳು. ಇಳುವರಿ ಬಿದ್ದಿತ್ತು. ತಾಸಗಾಂವದಲ್ಲಿ ಆ ವರ್ಷ ನಮ್ಮ ಒಣದ್ರಾಕ್ಷಿಗೆ ಸಿಕ್ಕಿದ್ದು ಕೆಜಿಗೆ ನೂರಾ ಹತ್ತು ರೂಪಾಯಿ. ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಅವರು ಒಣದ್ರಾಕ್ಷಿಗೆಂದೇ ಮಾಂಜರಿ ಕಿಶ್‌ಮಿಶ್ ಎಂಬ ತಳಿ ತಂದಿದ್ದಾರೆ. ಹಳೆಯ ಬೇರಿಗೇ ಅದನ್ನು ಕಟ್ಟಬಹುದೋ, ಪಡ ಕಿತ್ತೇ ಹಾಕಬೇಕೋ ಎಂದು ಸೋಮವಾರ ಹೋಗಿ ಕೇಳುವುದಿತ್ತು.

ಶನಿವಾರ ಸಂಜೆ ಸಹೋದ್ಯೋಗಿ ಬಂದ. ಅಪ್ಪನನ್ನು ಕಂಡು ಬಾಗಿಲಲ್ಲೇ ನಿಂತ, ಕಾಲು ಮುಟ್ಟಿ ನಮಸ್ಕರಿಸಿ, ನನಗೆ ಕಣ್ಣಲ್ಲೇ ಏನು ಮಾಡೋಣ ಎಂದು ಕೇಳಿದ. ಅಪ್ಪನೇ ಮರಾಠಿಯಲ್ಲಿ, ಕೂತುಕೋ ಅಂದ. “ನೀವ್ ಕುಡೀರಿ, ನಾ ನೋಡ್ತೀನಿ,” ಎಂದು ನನ್ನ ಕಡೆ ತಿರುಗಿದ.

ತಂದೆ ಎದುರಿಗೆ ಕೂತಿರುವಾಗ ವೈನ್ ಕುಡಿಯುವುದು ಎಂಟೆಕ್ ವೈವಾಕ್ಕಿಂತ ಕಷ್ಟ.

ವೈನ್ ಸವಿಯುವ ರೀತಿಯ ಬಗ್ಗೆ ಬೇಕಾದಷ್ಟು ಆಡಂಬರದ ಮಾತುಗಳಿವೆ. ನನಗೆ ತಿಳಿದ ಮಟ್ಟಿಗೆ ಮುಖ್ಯವಾದವು ಮೂರೋ ನಾಲ್ಕೋ. ಮೊದಲನೆಯದು ಬಿಸಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ. ಮೇ ತಿಂಗಳ ಭೋಸರಿಯಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ, ಅದು ಮೂವತ್ತನಾಲ್ಕು ಡಿಗ್ರಿ. ಗ್ರೆನಾಶ್‌ನಲ್ಲಿ ಮದ್ಯಸಾರ ಹೆಚ್ಚು. ಬಿಸಿಯಾದರೆ ಹಣ್ಣಿನ ವಾಸನೆ ಸತ್ತು ಸ್ಪಿರಿಟ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು ಹದಿನಾರು ಡಿಗ್ರಿಯ ಹತ್ತಿರ ತಂದರೆ ಸರಿ. ಹಾಗೇ ಮಾಡಿದ್ದೆ.

ಸಹೋದ್ಯೋಗಿ ಮುಚ್ಚಳ ತಿರುಗಿಸಿ ತೆಗೆದ. “ಬೂಚ್ ಇಲ್ಲೇನು? ಔಷಧದ ಬಾಟ್ಲಿ ಇದ್ದಂಗದಲ್ಲ,” ಎಂದ ಅಪ್ಪ. ತಿರುಗಿಸುವ ಮುಚ್ಚಳವೆಂದರೆ ಅಗ್ಗದ ಮಾಲು ಎಂದು ನಾನೂ ಮೊದಲು ತಿಳಿದಿದ್ದೆ. ಆಸ್ಟ್ರೇಲಿಯಾದವರು ದುಬಾರಿ ವೈನಿಗೂ ಅದನ್ನೇ ಹಾಕುತ್ತಾರೆ. ಬೂಚಿನಿಂದ ಬರುವ ಮುಗ್ಗಲು ವಾಸನೆಯ ಕಾಟ ಅದರಲ್ಲಿಲ್ಲ.

ಬಣ್ಣ ನೋಡಲು ಬಿಳಿ ಹಾಳೆ ಬೇಕು. ಕೈಗೆ ಸಿಕ್ಕಿದ್ದು ರೊಟ್ಟಿ ಸುತ್ತಿದ್ದ ಪೇಪರು. ಅದರ ಮೇಲೆ ಗ್ಲಾಸು ಓರೆ ಹಿಡಿದರೆ ವೈನಿನೊಳಗಿಂದ ತಲೆಬರಹ ಸಲೀಸಾಗಿ ಓದಬಹುದಿತ್ತು. ಕಡುಗೆಂಪಲ್ಲ, ಕೋಕಂ ಶರಬತ್ತಿನ ಕೆಂಪು. ಅಂಚಿನಲ್ಲಿ ಸ್ವಲ್ಪ ಇಟ್ಟಿಗೆ ಬಣ್ಣ. ಕ್ಯಾಬರ್ನೆಯಲ್ಲಾದರೆ ಅಕ್ಷರ ಕಾಣುವುದಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ಗ್ರೆನಾಶ್‌ನ ಸಿಪ್ಪೆ ತೆಳು, ಬಣ್ಣವೂ ಕಡಿಮೆ, ಒಗರೂ ಕಡಿಮೆ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ. ತೆಳು ಬಣ್ಣ ನೋಡಿ ಲಘು ಪಾನೀಯ ಎಂದುಕೊಂಡರೆ, ಲೇಬಲ್ ಮೇಲೆ 14.5 ಶೇಕಡಾ ಎಂದಿರುತ್ತದೆ.

ಆ ಅಂಕಿಯನ್ನು ಸಹೋದ್ಯೋಗಿ ಓದಿದ ಕೂಡಲೇ ಅಪ್ಪ, “ಹಂಗಂದ್ರ ಇಪ್ಪತ್ನಾಕು, ಇಪ್ಪತ್ತೈದು ಬ್ರಿಕ್ಸಿಗಿ ಕೊಯ್ದಾರ,” ಎಂದ. ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಶೇಕಡಾ ಮದ್ಯಸಾರ. ಹದಿನಾಲ್ಕೂವರೆಗೆ ಸುಮಾರು 246 ಗ್ರಾಂ. ಅಪ್ಪನ ಉತ್ತರ ಸರಿ ಇತ್ತು. ಕಂಪನಿಯ ಹುಡುಗ ಕಲಿಸಿದ್ದು ಹದಿನೈದು ವರ್ಷವಾದರೂ ಮರೆತಿರಲಿಲ್ಲ.

ಗ್ಲಾಸು ಅಲುಗಿಸದೆ ಒಮ್ಮೆ ಮೂಸಬೇಕು, ಅಲುಗಿಸಿ ಇನ್ನೊಮ್ಮೆ. ಮೊದಲ ಸಲ ಬಂದದ್ದು ಮಹಾಬಳೇಶ್ವರದ ಸ್ಟ್ರಾಬೆರಿ. ತಾಜಾ ಹಣ್ಣಲ್ಲ, ಅಲ್ಲಿ ರಸ್ತೆ ಬದಿಯಲ್ಲಿ ಕುದಿಸುವ ಜಾಮಿನದು. ಅಲುಗಿಸಿದ ಮೇಲೆ ಒಣಗಿದ ಕಿತ್ತಳೆ ಸಿಪ್ಪೆ, ಬಿಳಿ ಮೆಣಸು, ಎಲ್ಲೋ ದೂರದಲ್ಲಿ ದೊಡ್ಡಪತ್ರೆ. ಈ ಮೆಣಸು ಕವಿಕಲ್ಪನೆಯಲ್ಲ. ರೋಟಂಡೋನ್ ಎಂಬ ಒಂದೇ ರಾಸಾಯನಿಕ ಕರಿಮೆಣಸಿಗೂ ಕೆಲವು ವೈನಿಗೂ ಆ ಘಾಟು ಕೊಡುತ್ತದೆ ಎಂದು ಅಡಿಲೇಡ್‌ನ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ದೊಡ್ಡಪತ್ರೆ ನನ್ನದೇ ಸೇರ್ಪಡೆ. ಇಂಗ್ಲಿಷ್ ಪುಸ್ತಕಗಳು ಅಲ್ಲಿ ಥೈಮ್ ಎನ್ನುತ್ತವೆ. ಥೈಮಿನ ವಾಸನೆಗೆ ಕಾರಣವಾದ ಥೈಮಾಲ್ ನಮ್ಮ ಅಜವಾನದಲ್ಲೂ ಇದೆ. ಕಾಣದ ದೇಶದ ಹಣ್ಣು, ಸೊಪ್ಪಿನ ಹೆಸರು ಉರು ಹೊಡೆಯುವುದಕ್ಕಿಂತ ನಮ್ಮ ಹಿತ್ತಲಿನ ಹೆಸರು ಹೇಳಿದರೆ ನೆನಪಿಗೂ ನಿಲ್ಲುತ್ತದೆ.

ಬಾಯಿಗೆ ಹಾಕಿಕೊಂಡಾಗ ಮೊದಲು ತಿಳಿಯುವುದು ನುಣುಪು. ಅಡಿಕೆ ಅಗಿದಂತೆ ವಸಡು ಎಳೆಯುವ ಒಗರಿಲ್ಲ, ಹುಳಿ ಮೆಲ್ಲಗೆ ಪಕ್ಕದಲ್ಲಿ ಬರುತ್ತದೆ. ಸಿಹಿ ಎನಿಸುತ್ತದೆ, ಆದರೆ ಸಕ್ಕರೆ ಇಲ್ಲ. ಅದು ಮಾಗಿದ ಹಣ್ಣು ಮತ್ತು ಮದ್ಯಸಾರ ಸೇರಿ ನಾಲಿಗೆಗೆ ಮಾಡುವ ಮೋಡಿ. ನುಂಗಿದ ಮೇಲೆ ಅರ್ಧ ನಿಮಿಷ ಮೆಣಸು ಉಳಿಯಿತು. ನಾನು ಮೊದಲು ನಾಸಿಕದಲ್ಲಿ ಕುಡಿದಿದ್ದ ಗ್ರೆನಾಶ್ ಗುಲಾಬಿ ಬಣ್ಣದ್ದು. ಸುಲಾದವರು ಈ ಹಣ್ಣಿನಿಂದ ರೋಸೆ ಮಾಡುತ್ತಾರೆ. ಅದು ಬೇಸಿಗೆಯ ಮಧ್ಯಾಹ್ನಕ್ಕೆ ಒಳ್ಳೆಯದು, ಆದರೆ ಇದರ ಮುಂದೆ ಅದು ಶರಬತ್ತು.

“ಏನ್ ಬರಕೋತ ಕುಂತೀರಿ ಇಬ್ರೂ,” ಎಂದ ಅಪ್ಪ, ನಾವು ಫೋನಿನಲ್ಲಿ ಟಿಪ್ಪಣಿ ಮಾಡುತ್ತಿದ್ದುದನ್ನು ನೋಡಿ. “ಕೊಡಿಲ್ಲೆ.”

ಗ್ಲಾಸು ತಗೊಂಡ. ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ಕೆಳಗೆ ಎಂಐಡಿಸಿಯ ಯಾವುದೋ ಪ್ರೆಸ್ ಮಷಿನ್ ಕುಟ್ಟುತ್ತಿತ್ತು.

“ಇದು ಬಳ್ಳಿ ಮ್ಯಾಲ ಚೂರು ಬಾಡಿದ ಹಣ್ಣು. ಒಂದೆರಡ ದಿನ ತಡಾ ಮಾಡಿ ಕೊಯ್ದಾರ. ನಮ್ಮ ಶೆಡ್ಡಿನ್ಯಾಗ ಐದನೇ ದಿನ ಹಿಂಗ ವಾಸ್ನಿ ಬರ್ತದ. ಮಳಿ ಬಿದ್ದಿಲ್ಲ ಇದಕ. ಬಿದ್ದಿದ್ರ ಇಷ್ಟ ಸ್ವಚ್ಛ ಇರ್ತಿದ್ದಿಲ್ಲ.”

ನಾನು, ಸಹೋದ್ಯೋಗಿ ಮುಖ ಮುಖ ನೋಡಿಕೊಂಡೆವು. ನಮ್ಮ ಟಿಪ್ಪಣಿಯಲ್ಲಿ ಸ್ಟ್ರಾಬೆರಿ ಇತ್ತು, ಮೆಣಸಿತ್ತು. ಹಣ್ಣನ್ನು ಯಾವಾಗ ಕೊಯ್ದರು ಎಂಬುದು ಇರಲಿಲ್ಲ. ಗ್ರೆನಾಶ್ ತಡವಾಗಿ ಮಾಗುವ ತಳಿ. ಉಳಿದ ದ್ರಾಕ್ಷಿಗಳೆಲ್ಲ ವೈನರಿ ಸೇರಿದ ಮೇಲೂ ಬಳ್ಳಿಯ ಮೇಲಿರುತ್ತದೆ. ಅಪ್ಪ ಹೇಳಿದ ಬಾಡುವಿಕೆ ಅದರ ಸ್ವಭಾವವೇ.

ಆಮೇಲೆ ಪ್ರಶ್ನೆಗಳು ಶುರುವಾದವು. ಲೇಬಲ್ಲಿನ ಹಿಂದೆ ಇದ್ದದ್ದನ್ನು ಸಹೋದ್ಯೋಗಿ ಓದುತ್ತ ಹೋದ, ನಾನು ಕನ್ನಡಕ್ಕೆ ತರುತ್ತ ಹೋದೆ. ಊರು ಮೆಕ್‌ಲಾರೆನ್ ವೇಲ್, ಅಡಿಲೇಡ್‌ನ ದಕ್ಷಿಣಕ್ಕೆ. ಮರಳು ನೆಲ. ಬಳ್ಳಿಗಳಿಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ. ಹಂದರವಿಲ್ಲ, ತಂತಿಯಿಲ್ಲ, ಪೊದೆಯಂತೆ ಮೊಳಕಾಲೆತ್ತರಕ್ಕೆ ಕತ್ತರಿಸಿ ಬಿಟ್ಟದ್ದು. ಹನಿ ನೀರಾವರಿಯಿಲ್ಲ, ಮಳೆಯ ನೀರೇ.

“ಡ್ರಿಪ್ ಇಲ್ದ?”

“ಇಲ್ಲಪ್ಪಾ.”

“ಬೇರಿಗಿ ಡಾಗ್‌ರಿಡ್ಜ್ ಕಟ್ಟಿಲ್ಲೇನು?”

ಇಲ್ಲ. ಡಾಗ್‌ರಿಡ್ಜ್ ನಮ್ಮ ಕಡೆಯ ಪಡಗಳಿಗೆಲ್ಲ ಬೇರು ಕೊಟ್ಟ ಕಾಡು ತಳಿ. ಬರ, ಉಪ್ಪು ನೀರು ತಡೆಯುತ್ತದೆಂದು ಅದರ ಮೇಲೆ ಕಸಿ ಮಾಡುತ್ತೇವೆ. ಯುರೋಪಿನವರು ಬೇರು ತಿನ್ನುವ ಫಿಲೊಕ್ಸೆರಾ ಎಂಬ ಹೇನಿನ ದೆಸೆಯಿಂದ ಕಸಿ ಮಾಡುತ್ತಾರೆ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಆ ಹೇನು ಮುಟ್ಟಿಯೇ ಇಲ್ಲ. ಹಾಗಾಗಿ ಅಲ್ಲಿ ಹಳೆಯ ಬಳ್ಳಿಗಳು ಸ್ವಂತ ಬೇರಿನ ಮೇಲೆ ನಿಂತಿವೆ. ಪಕ್ಕದ ಬರೋಸಾ ಕಣಿವೆಯಲ್ಲಿ 1848ರಲ್ಲಿ ನೆಟ್ಟ ಗ್ರೆನಾಶ್ ಇವತ್ತಿಗೂ ಹಣ್ಣು ಬಿಡುತ್ತಿದೆ. ಅಲ್ಲಿಯವರು 2009ರಲ್ಲಿ ಬಳ್ಳಿಗಳ ವಯಸ್ಸಿಗೇ ಒಂದು ಪಟ್ಟಿ ಮಾಡಿದ್ದಾರೆ: ಮೂವತ್ತೈದು ದಾಟಿದರೆ ಹಳೆಯದು, ಎಪ್ಪತ್ತಕ್ಕೆ ಒಂದು ಹೆಸರು, ನೂರಕ್ಕೆ ಒಂದು, ನೂರಾ ಇಪ್ಪತ್ತೈದಕ್ಕೆ ಪೂರ್ವಜ. ಹದಿನೈದಕ್ಕೆ ಮುದಿಯಾಯಿತೆಂದು ಕೀಳುವ ನಮ್ಮೂರಿಗೆ ಇದು ಪುರಾಣದ ಲೆಕ್ಕ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲವಲ್ಲ. ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಚಾಟ್ನಿ ಮಾಡಿ ವರ್ಷಪೂರ್ತಿ ದುಡಿಸುತ್ತೇವೆ.

ಆ ಹಳೆಯ ಬಳ್ಳಿಗಳು ಉಳಿದದ್ದೂ ಆಕಸ್ಮಿಕವೇ. ಗ್ರೆನಾಶ್ ಮೂಲತಃ ಸ್ಪೇನಿನದು, ಅಲ್ಲಿ ಗಾರ್ನಾಚಾ. ದಕ್ಷಿಣ ಫ್ರಾನ್ಸಿನ ಶಾತೊನೆಫ್ ದು ಪಾಪ್ ಎಂಬ ಹೆಸರಾಂತ ವೈನಿನ ಬೆನ್ನೆಲುಬೂ ಅದೇ. ಆಸ್ಟ್ರೇಲಿಯಾದಲ್ಲಿ ಮಾತ್ರ ಬಹುಕಾಲ ಅದನ್ನು ಪೋರ್ಟ್‌ನಂಥ ಸಿಹಿ ಮದ್ಯಕ್ಕೆ ಸುರಿಯುವ ಕೂಲಿಯಾಳಿನಂತೆ ನೋಡಿದರು. ಜನ ಸಿಹಿ ಬಿಟ್ಟು ಬೇರೆ ವೈನ್ ಕೇಳತೊಡಗಿದಾಗ ಹಣ್ಣಿಗೆ ಬೆಲೆ ಇಲ್ಲವಾಯಿತು. 1980ರ ದಶಕದಲ್ಲಿ ಅಲ್ಲಿನ ಸರ್ಕಾರವೇ ದುಡ್ಡು ಕೊಟ್ಟು ರೈತರಿಂದ ಬಳ್ಳಿ ಕೀಳಿಸಿತು. ಎಷ್ಟೋ ಹಳೆಯ ಗ್ರೆನಾಶ್, ಶಿರಾಜ್ ಪಡಗಳು ಹಾಗೆ ಹೋದವು. ಕೀಳದೆ ಹಟ ಹಿಡಿದವರ, ಅಥವಾ ಸೋಮಾರಿತನದಿಂದ ಬಿಟ್ಟವರ ಬಳ್ಳಿಯ ಹಣ್ಣೇ ಈಗ ಅರವತ್ತು ಡಾಲರಿನ ಬಾಟಲಿ.

ಅಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡ. ಬಾಟಲಿಗೆ ಎಷ್ಟು ಹಣ್ಣು ಬೇಕು ಎಂದು ಕೇಳಿದ. ಒಂದು ಕೆಜಿ, ಹೆಚ್ಚೆಂದರೆ ಒಂದೂಕಾಲು ಎಂದೆ. ಬೆರಳು ಮಡಚಿ ಲೆಕ್ಕ ಮಾಡಿದ. ನಮ್ಮಲ್ಲಿ ನಾಲ್ಕು ಕೆಜಿ ಹಸಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ನೂರಾ ಹತ್ತನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೇಳೂವರೆ. ಅದರಲ್ಲಿ ಡಿಪ್ಪಿಂಗ್ ಆಯಿಲ್, ಕೂಲಿ, ಔಷಧ ಬೇರೆ.

“ಮೂರು ಸಾವಿರದ ಮುನ್ನೂರರಾಗ ಬೆಳದಾವಗ ಎಷ್ಟ್ ಮುಟ್ಟತದ?”

ಇದಕ್ಕೆ ನಮ್ಮಿಬ್ಬರ ಎಂಟೆಕ್‌ನಿಂದಲೂ ಉಪಯೋಗವಾಗಲಿಲ್ಲ.

ಊಟಕ್ಕೆ ಕೂತೆವು. ವೈನಿನ ಜೊತೆ ಏನು ತಿನ್ನಬೇಕೆಂದು ಕೇಳುವವರಿಗೆ ನನ್ನ ಅನುಭವ: ಶೇಂಗಾ ಚಟ್ನಿ ಬೇಡ. ಖಾರ, ಹದಿನಾಲ್ಕೂವರೆ ಶೇಕಡಾ ಮದ್ಯಸಾರ ಒಂದಕ್ಕೊಂದು ಬೆಂಕಿ ಹಚ್ಚುತ್ತವೆ. ಬದನೆಕಾಯಿ ಎಣ್ಣೆಗಾಯಿ, ಖಾರ ಕಡಿಮೆ ಮಾಡಿ, ಗುರೆಳ್ಳು ಸ್ವಲ್ಪ ಹೆಚ್ಚು ಹಾಕಿ ಮಾಡಿದ್ದು, ಇದಕ್ಕೆ ಹೊಂದುತ್ತದೆ. ಒಗರು ಕಡಿಮೆಯಿರುವುದರಿಂದ ಮಸಾಲೆಯ ಜೊತೆ ಜಗಳವಾಡುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ನೆಪ ನನಗೆ ಬೇಡ. ಮದ್ಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕಾಕಾನನ್ನು ಕಂಡ ಮನೆಯಲ್ಲಿ ಅದನ್ನು ಸಂಸ್ಥೆ ಹೇಳಬೇಕಾಗಿಯೂ ಇಲ್ಲ. ನಾವು ಒಂದೊಂದು ಗ್ಲಾಸಿಗೆ ನಿಲ್ಲಿಸಿದೆವು. ಅಪ್ಪ ಬಾಟಲಿಯ ಮಟ್ಟದ ಮೇಲೆ ಕಣ್ಣಿಟ್ಟಿದ್ದ ಎಂಬುದೂ ನಿಜ.

ಉಳಿದದ್ದು ಫ್ರಿಜ್ಜಿನಲ್ಲಿತ್ತು. ಸೋಮವಾರ ಬೆಳಿಗ್ಗೆ ಮಾಂಜರಿಗೆ ಹೊರಡುವ ಮುಂಚೆ ಅಪ್ಪ ತಾನೇ ಮುಚ್ಚಳ ತೆಗೆದು ಮೂಸಿದ. “ಹ್ವಾದ್ ನೋಡ್ ಇದು,” ಎಂದ. ಹೌದು, ಗ್ರೆನಾಶ್‌ಗೆ ಗಾಳಿ ಆಗುವುದಿಲ್ಲ. ಎರಡನೆಯ ದಿನಕ್ಕೇ ಹಣ್ಣು ಮಂಕಾಗಿ, ಬಿಸಿಲಿಗಿಟ್ಟ ಸೇಬಿನ ವಾಸನೆ ಬಂದಿತ್ತು. ಸಿಂಕಿಗೆ ಸುರಿದೆ. ಖಾಲಿ ಬಾಟಲಿ ತೊಳೆದು ಅಪ್ಪನೇ ಚೀಲದಲ್ಲಿಟ್ಟುಕೊಂಡ, ಅವ್ವನಿಗೆ ಎಣ್ಣೆ ಹಾಕಲು ಬೇಕೆಂದು.

ಮಾಂಜರಿಯಿಂದ ಬಂದವನು ಹೆಚ್ಚು ಮಾತಾಡಲಿಲ್ಲ. ಒಂದೊಂದೇ ಬಳ್ಳಿಯ ಬೊಡ್ಡೆ ಕೆರೆದು ನೋಡಬೇಕು, ಒಳಗೆ ಹಸಿರಿದ್ದರೆ ಅದೇ ಬೇರಿಗೆ ಕಸಿ ತಾಳೀತು, ಇಲ್ಲದ್ದನ್ನು ಕೀಳಬೇಕು ಎಂದಷ್ಟೇ ಹೇಳಿ ರಾತ್ರಿ ಬಸ್ಸು ಹತ್ತಿದ.

ಜೂನ್ ಎರಡನೆಯ ವಾರ ಫೋನ್ ಬಂತು.

“ಎಲ್ಲಾ ಎಣಿಸೀನಿ. ಒಂಬೈನೂರಾ ನಲವತ್ತರಾಗ ಆರುನೂರಾ ಹನ್ನೆರಡು ಗಟ್ಟಿ ಅವ. ಅವಕ್ಕ ಮಳಿ ಮುಗದ ಮ್ಯಾಲ ಕಸಿ ಕಟ್ಟಸ್ತೀನಿ. ಇದು ಮೂರನೇದ್ದು ಆ ಬೇರಿಗಿ. ಉಳದದ್ದಕ್ಕ ನಾಳಿ ಜೆಸಿಬಿ ಬರ್ತದ.”

ಸರಿ ಅಪ್ಪಾ ಎಂದೆ.

“ನಿಮ್ಮ ಆಸ್ಟ್ರೇಲಿಯಾದಾಗ ಕೀಳಾಕ ಸರ್ಕಾರ ರೊಕ್ಕ ಕೊಟ್ಟಿತ್ತಂತಲ್ಲ. ಇಲ್ಲಿ ಜೆಸಿಬಿಯಾಂವ ತಾಸಿಗಿ ಸಾವಿರದ ಮ್ಯಾಲ ಕೇಳಾಕತ್ಯಾನ,” ಎಂದು ನಕ್ಕು, ಅವ್ವನ ಕೈಗೆ ಫೋನ್ ಕೊಟ್ಟ.